ಕಟಕಟೆಯೊಳಗಿನ ಮಾತು

“ಸುಳ್ಳು ಹೇಳಬೇಡಿ ಉಪದೇಶಿಗಳೇ. ಇವತ್ತು ಪೂಜೇಲಿ ನನ್ನ ದನಿ ನಿಮಗೆ ಕೇಳಿಸ್ತಾ?” ಅಂದರು ಫಾದರ್ ಸಂದ್ಯಾಗಪ್ಪ.

ನಾನು ಅವರ ಬಿಳಿ ನಿಲುವಂಗಿ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಬಿಚ್ಚಿ ಇನ್ನೊಂದು ಸಲ ಮಡಿಸಿದೆ. “ಕೇಳಿಸದೆ ಏನು ಸ್ವಾಮಿ, ಚೆನ್ನಾಗೇ ಕೇಳಿಸ್ತು,” ಅಂದೆ.

“ನನಗೆ ಕೇಳಿಸಲಿಲ್ಲ,” ಅಂದರು.

ಅವರು ಮೇಜಿನ ಅಂಚಿಗೆ ಒರಗಿ ನಿಂತಿದ್ದರು. ಮೂವತ್ತೈದು ದಾಟದ ಮನುಷ್ಯ, ಆ ಹೊತ್ತಿನಲ್ಲಿ ನನಗಿಂತ ಮುದುಕರಾಗಿ ಕಂಡರು. “ಬೂದಿ ಬುಧವಾರದಿಂದ ಕೇಳಿಸ್ತಿಲ್ಲ. ಐದು ತಿಂಗಳಾಯ್ತು. ನೀವೆಲ್ಲ ಸರಿಯಾದ ಹೊತ್ತಿಗೆ ಆಮೆನ್ ಅಂತಿದ್ದಿರಿ. ಸರಿ, ಜನಕ್ಕೆ ಕೇಳಿಸ್ತಿದೆ, ಕಿವುಡಾಗಿರೋದು ನಾನು ಅಂದ್ಕೊಂಡೆ.”

ನಾನು ನಿಲುವಂಗಿಯನ್ನು ಕೆಳಗಿಟ್ಟೆ. “ನನಗೂ ಬೂದಿ ಬುಧವಾರದಿಂದಲೇ ಸ್ವಾಮಿ,” ಅಂದೆ.

ನಮ್ಮೂರ ಚರ್ಚನ್ನು ನೋಡದವರಿಗೆ ಇಷ್ಟು ಹೇಳಿಬಿಡಬೇಕು. ಬಲಿಪೀಠದ ಮುಂದೆ ಸೊಂಟದೆತ್ತರದ ಹಲಸಿನ ಮರದ ಕಟಕಟೆ ಇದೆ. ಅದನ್ನು ದಾಟಿ ಒಳಗೆ ಕಾಲಿಟ್ಟರೆ ಮನುಷ್ಯನ ದನಿ ನಿಂತುಹೋಗುತ್ತದೆ. ಗಂಟೆ ಕೇಳುತ್ತದೆ, ಕಾಲ ಸಪ್ಪಳ ಕೇಳುತ್ತದೆ, ಗಂಟಲಿಂದ ಹೊರಟಿದ್ದು ಮಾತ್ರ ಕೇಳುವುದಿಲ್ಲ. ಗುರುಪಟ್ಟದ ಅಭಿಷೇಕವಾಗಿ ನಮ್ಮೂರಿಗೆಂದು ಕಳಿಸಲ್ಪಟ್ಟ ಗುರುವಿನ ದನಿಯೊಂದೇ ಅಲ್ಲಿ ಕೇಳುವುದು. ಅದೂ ಹೇಳು ಎಂದು ಅವರ ಕೈಗೆ ಕೊಟ್ಟ ಮಾತಾದರೆ ಮಾತ್ರ. ಸ್ವಂತದ್ದು ಸೇರಿಸಿದರೆ ಆ ಭಾಗ ಖಾಲಿ. ನಾನು ಹುಡುಗನಾಗಿದ್ದಾಗ ಒಬ್ಬರು ಗುರುಗಳಿದ್ದರು, ಮುಕ್ಕಾಲು ಗಂಟೆ ಪ್ರಸಂಗ ಮಾಡುವರು. ಅದರಲ್ಲಿ ನಮಗೆ ಮುಟ್ಟುತ್ತಿದ್ದದ್ದು ಹತ್ತು ನಿಮಿಷದ್ದು, ಗೆದ್ದಲು ತಿಂದ ಪುಸ್ತಕದ ಹಾಗೆ ಅಲ್ಲೊಂದು ಸಾಲು ಇಲ್ಲೊಂದು ಸಾಲು. ಚರ್ಚಿನ ಹೆಂಚಿನ ಮೇಲೆ ಚೆಂಡು ಹೊಡೆಯಬೇಡಿ ಎಂದು ಹೇಳಬೇಕಾದರೆ ಅವರು ಕಟಕಟೆ ದಾಟಿ ಈಚೆ ಬಂದು ಹೇಳಿ, ಮತ್ತೆ ಒಳಗೆ ಹೋಗುತ್ತಿದ್ದರು.

ಊರು ಇದಕ್ಕೆ ಹೊಂದಿಕೊಂಡಿತ್ತು. ರಚ್ಚೆ ಹಿಡಿದ ಕೂಸುಗಳನ್ನು ತಾಯಂದಿರು ಹೊತ್ತು ತಂದು ಕಟಕಟೆಯೊಳಗೆ ಕೂರುತ್ತಿದ್ದರು. ಮಗು ಬಾಯಿ ಅಗಲಿಸಿ ಅಳುತ್ತದೆ, ತನ್ನ ಅಳು ತನಗೇ ಕೇಳುವುದಿಲ್ಲ, ಗಲಿಬಿಲಿಯಾಗಿ ಸುತ್ತ ನೋಡುತ್ತದೆ, ನಿದ್ದೆ ಹೋಗುತ್ತದೆ. ಜಗಳವಾಡುವ ಗಂಡ ಹೆಂಡಿರನ್ನು ಹಿರಿಯರು ಅಲ್ಲಿಗೇ ಕಳಿಸುತ್ತಿದ್ದರು, ಅರ್ಧ ಗಂಟೆ ಬೈದಾಡಿಕೊಂಡು ಹಗುರಾಗಿ ಬರಲಿ ಎಂದು. ಹೀಗಾಗಿ ನಮ್ಮೂರಲ್ಲಿ ತುಟಿ ಓದಲು ಬಾರದವರು ಯಾರೂ ಇಲ್ಲ. ಪಾಪನಿವೇದನೆಯೂ ಕಟಕಟೆಯೊಳಗೇ. ಮಂಡಿಯೂರಿ, ಜನಕ್ಕೆ ಬೆನ್ನು ಮಾಡಿ, ಹೆಂಗಸರಾದರೆ ಸೆರಗು ಅಡ್ಡ ಹಿಡಿದು ತುಟಿ ಆಡಿಸಬೇಕು. ಆಮೇಲೆ ಗುರು ಕೈ ಎತ್ತಿ ಕ್ಷಮೆಯ ಮಾತು ಹೇಳಿದರೆ ಅದು ಇಡೀ ಚರ್ಚಿಗೆ ಕೇಳುತ್ತಿತ್ತು. ಪಾಪ ಯಾರ ಕಿವಿಗೂ ಬೀಳದು, ಕ್ಷಮೆ ಎಲ್ಲರ ಕಿವಿಗೂ ಬೀಳುವುದು. ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಊರುಗಳಲ್ಲಿ ಇದ್ದರೆ ನನಗೆ ಗೊತ್ತಿಲ್ಲ.

ನಾನು ಇನ್ನಾಸಪ್ಪ, ಈ ಚರ್ಚಿನ ಉಪದೇಶಿ. ಮಕ್ಕಳಿಗೆ ಜಪ ಕಲಿಸೋದು, ಗಂಟೆ ಹೊಡೆಯೋದು, ಗುರುಗಳಿಲ್ಲದ ದಿನ ಕಟಕಟೆಯ ಈಚೆ ನಿಂತು ಪ್ರಾರ್ಥನೆ ನಡೆಸೋದು ನನ್ನ ಕೆಲಸ. ಶಾಲೆಗೆ ಹೋದವನಲ್ಲ. ಚಿಕ್ಕಂದಿನಿಂದ ಇಪ್ಪತ್ತು ವರ್ಷ ಸುಣ್ಣದ ಗೂಡಿನಲ್ಲಿ ಕಲ್ಲು ಸುಟ್ಟವನು. ಸುಣ್ಣ ಕಟ್ಟಿಕೊಡುತ್ತಿದ್ದ ಹಳೇ ಪತ್ರಿಕೆಗಳಲ್ಲಿ ಅಕ್ಷರ ಕಲಿತೆ. ಗೂಡಿನವರ ಗುರುತು ಅಂದರೆ ಉಸಿರು. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾರೆವು, ನಡುವೆ ಎಲ್ಲೋ ಒಂದು ಕಡೆ ಹಗ್ಗ ಸಿಕ್ಕಿಕೊಂಡ ಹಾಗೆ ಎಳೆದು ಬಿಡುತ್ತೇವೆ. ಅದೊಂದು ಬಿಟ್ಟರೆ ನನ್ನ ಗಂಟಲು ಯಾರ ಗಂಟಲು ಬೇಕಾದರೂ ಆಗುತ್ತದೆ. ಬಂದುಹೋದ ಏಳು ಜನ ಗುರುಗಳ ದನಿಯನ್ನೂ ಮಾಡಿ ತೋರಿಸುತ್ತಿದ್ದೆ. ಮದುವೆ ಮನೆಗಳಲ್ಲಿ ಊಟವಾದ ಮೇಲೆ ಜನ ಕೂಗುತ್ತಿದ್ದರು, “ಇನ್ನಾಸಣ್ಣ, ಇವತ್ತು ಯಾರ್ನ ಎಬ್ಬಿಸ್ತೀಯ?” ಎಂದು.

ಅವತ್ತು ಅಂಗಳಕ್ಕೆ ಬಂದಾಗ ಚರ್ಚು ಗುಡಿಸುವ ಲೂರ್ದಮ್ಮ ಪೊರಕೆ ಕುಟ್ಟುತ್ತಿದ್ದಳು. “ಲೂರ್ದು, ಪೂಜೇಲಿ ಸ್ವಾಮಿಗಳ ಮಾತು ನಿಂಗೆ ಕೇಳಿಸುತ್ತಾ?” ಅಂದೆ.

ಪೊರಕೆ ಕೈಯಿಂದ ಬಿತ್ತು. “ಯಾರಣ್ಣ ಹೇಳ್ದೋರು ನಿಂಗೆ? ಆ ಪಾಸ್ಕಲಪ್ಪನಾ?” ಅಂದವಳು ಅಲ್ಲೇ ಕುಸಿದು ಕೂತು ಅತ್ತಳು. “ಸೊಸೆಗೆ ಬೈದಿದ್ದಕ್ಕೇ ದೇವರು ನನ್ನ ಕಿವಿ ಮುಚ್ಚಿಬಿಟ್ಟ ಅಂದ್ಕೊಂಡೆ. ಐದು ತಿಂಗಳಿಂದ ಅವಳಿಗೆ ಒಂದು ಮಾತು ಅಂದಿದ್ದರೆ ಕೇಳು! ಅವಳ ಸೀರೆ ನಾನೇ ಒಗೀತಿದೀನಿ!”

ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಇಡೀ ಊರೇ ಹೀಗಿತ್ತು. ಬೇರೆಯವರೆಲ್ಲ ಆಮೆನ್ ಅನ್ನುವುದನ್ನು ಕೇಳಿ, ಕಿವಿ ಕೆಟ್ಟಿರುವುದು ತನ್ನೊಬ್ಬನದೇ, ಅದೂ ತನ್ನ ಪಾಪಕ್ಕೇ ಎಂದು ಪ್ರತಿಯೊಬ್ಬರೂ ನಂಬಿದ್ದರು. ತುಟಿ ನೋಡಿ ಉತ್ತರ ಕೊಡುತ್ತಿದ್ದರು. ಊರಿನ ದೊಡ್ಡ ಕುಡುಕ ಪಾಸ್ಕಲಪ್ಪ ಹೆಂಡ ಬಿಟ್ಟಿದ್ದ. ಇಬ್ಬರು ಅಣ್ಣತಮ್ಮಂದಿರು ಗಡಿಕಲ್ಲನ್ನು ಮೊದಲಿದ್ದ ಜಾಗಕ್ಕೇ ತಳ್ಳಿದ್ದರು. ಊರಿನ ಇತಿಹಾಸದಲ್ಲೇ ಇಷ್ಟು ಒಳ್ಳೆಯ ಐದು ತಿಂಗಳು ಬಂದಿರಲಿಲ್ಲ ಅನ್ನಿಸುತ್ತದೆ. ನಿಜ ಗೊತ್ತಾದ ಸಂಜೆ ಪಾಸ್ಕಲಪ್ಪ ಕುಡಿದು ಬಂದು ಚರ್ಚಿನ ಮೆಟ್ಟಿಲ ಮೇಲೆ ಕೂತ. “ನನ್ನ ಪಾಪಕ್ಕೆ ಅಂದ್ಕೊಂಡಿದ್ನಲ್ಲ, ಆಗಲೇ ಚೆನ್ನಾಗಿತ್ತು ಕಣಣ್ಣ. ಸರಿಮಾಡ್ಕೊಂಡ್ರೆ ಆಯ್ತು ಅನ್ನೋ ಒಂದು ದಾರಿ ಇತ್ತು,” ಅಂದ. ಅವನ ಬಾಯಿಂದ ನಾನು ಕೇಳಿದ ಒಂದೇ ಒಂದು ಬುದ್ಧಿಯ ಮಾತು ಅದು.

ಫಾದರ್ ಸಂದ್ಯಾಗಪ್ಪ ಬಿಷಪ್ಪರಿಗೆ ಕಾಗದ ಬರೆದರು. ಹದಿನೈದು ದಿನಕ್ಕೆ ಉತ್ತರ ಬಂತು. ನನ್ನ ಕೈಲೇ ಓದಿಸಿದರು. ಸಂದ್ಯಾಗಪ್ಪನವರ ಅಭಿಷೇಕದಲ್ಲಿ ಯಾವ ಕೊರತೆಯೂ ಇಲ್ಲ, ಅವರು ನೆರವೇರಿಸುವ ಸಂಸ್ಕಾರಗಳೆಲ್ಲ ಸಿಂಧು, ಗುರುವಿಗೆ ಅಧಿಕಾರ ಬರುವುದು ಕ್ರಿಸ್ತನಿಂದಲೇ ಹೊರತು ಜನರ ಕಿವಿಯಿಂದ ಅಲ್ಲ ಎಂದಿತ್ತು. ಒಳ್ಳೆಯ ಕಾಗದ. ಒಂದು ಮಾತನ್ನೂ ತಳ್ಳಿಹಾಕುವ ಹಾಗಿರಲಿಲ್ಲ. ಅದರ ಹಿಂದೆಯೇ ಪರೀಕ್ಷೆಗೆಂದು ಇನ್ನೊಬ್ಬ ಗುರುಗಳನ್ನು ಕಳಿಸಿದರು. ದಪ್ಪಗೆ, ನಗುನಗುತ್ತಾ ಇದ್ದರು. ಅವರು ಬಸ್ಸಿನಿಂದಿಳಿದು ಮಾತಾಡಿದರೆ ಸಂತೆಯ ಆಚೆ ತುದಿಗೆ ಕೇಳಿಸುತ್ತಿತ್ತು. “ಏನ್ರಪ್ಪಾ, ನಿಮ್ಮೂರು ನನ್ನ ಬಾಯಿ ಮುಚ್ಚಿಸಿಬಿಡುತ್ತಾ? ನಮ್ಮಮ್ಮನ ಕೈಲೇ ಆಗ್ಲಿಲ್ಲ!” ಎಂದು ಕಟಕಟೆ ದಾಟಿದರು. ಶಿಲುಬೆ ಗುರುತು ಹಾಕಿ ಬಾಯಿ ತೆರೆದರು. ಪೂಜೆ ಪೂರ್ತಿ ಹಾಗೇ, ಸದ್ದಿಲ್ಲದೆ ಮುಗಿಯಿತು. ಈಚೆ ಬಂದ ಮೇಲೂ ಅವರು ಮಾತಾಡಲಿಲ್ಲ. ಲೂರ್ದಮ್ಮ ಕೋಳಿ ಸಾರು ಮಾಡಿಟ್ಟಿದ್ದಳು, ಅದನ್ನೂ ಮುಟ್ಟದೆ ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು.

“ನಾನೇನಾದ್ರೂ ತಪ್ಪು ಮಾಡಿದ್ರೆ ಎಷ್ಟೋ ವಾಸಿಯಾಗಿರೋದು,” ಅಂದರು ಸಂದ್ಯಾಗಪ್ಪ, ಆ ಬಸ್ಸಿನ ಧೂಳು ನೋಡುತ್ತ. “ನನ್ನನ್ನ ತೆಗೆದುಹಾಕಿ ಬೇರೆಯವರನ್ನ ಕಳಿಸಿದ್ರೆ ಮುಗೀತಿತ್ತು. ಇದು ನನ್ನದಲ್ಲ. ಕಳಿಸಿದವನೇ ಸುಮ್ಮನಾಗಿಬಿಟ್ಟಿದಾನೆ.”

ಇಷ್ಟೆಲ್ಲ ಆಗುತ್ತಿದ್ದಾಗ ನನ್ನ ಮನೆಯಲ್ಲಿ ಅಕ್ಕ ಸಾಯುತ್ತಿದ್ದಳು. ನನ್ನ ಅಕ್ಕ ಚೌರಮ್ಮ. ನಮ್ಮಮ್ಮ ಹೋದ ಮೇಲೆ ನನ್ನನ್ನು ಎತ್ತಿ ಸಾಕಿದವಳು. ನಲವತ್ತು ವರ್ಷ ಈ ಊರಿನ ಸೂಲಗಿತ್ತಿ. ಊರಲ್ಲಿ ಅರ್ಧ ಜನ ಮೊದಲು ಬಿದ್ದದ್ದು ಅವಳ ಕೈಗೇ, ಅವಳ ಎದುರಿಗೆ ಮೀಸೆ ತಿರುವುವವರು ಯಾರೂ ಇರಲಿಲ್ಲ. “ಹೋಗೋ, ನಿನ್ನ ಅಂಡು ನಾನು ನೋಡಿದೀನಿ,” ಅಂದುಬಿಡುತ್ತಿದ್ದಳು ಪಂಚಾಯ್ತಿ ಅಧ್ಯಕ್ಷನಿಗೂ. ಈಗ ಹೊಟ್ಟೆ ಊದಿ, ಕಾಲು ಸಣ್ಣದಾಗಿ, ಎರಡು ಕಣ್ಣಿಗೂ ಪೊರೆ ಬಂದು, ಒಂದು ವರ್ಷದಿಂದ ಚರ್ಚಿಗೂ ಬರಲಾಗದೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಡಾಕ್ಟರು ಇನ್ನು ನಾಲ್ಕು ದಿನ ಅಂದಿದ್ದರು. ಚರ್ಚಿನ ಸುದ್ದಿ ಅವಳಿಗೆ ಯಾರೂ ಹೇಳಬಾರದು ಎಂದು ನಾನು ಊರಿಗೆಲ್ಲ ಕೈಮುಗಿದು ಕೇಳಿಕೊಂಡಿದ್ದೆ.

“ಇನ್ನಾಸ, ನನ್ನ ಕುರ್ಚಿ ಮೇಲೆ ಕೂರಿಸಿ ಕಟಕಟೆಯೊಳಗೆ ಹೊತ್ಕೊಂಡು ಹೋಗು,” ಅಂದಳು ಒಂದು ಬೆಳಿಗ್ಗೆ.

“ಸ್ವಾಮಿಗಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ ಅಕ್ಕ. ಕಾಯಿಲೆಯೋರಿಗೆ ಮನೇಲೇ ಮಾಡ್ತಾರೆ.”

“ಬೇಡ. ಇಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳ್ಬಹುದು. ನನಗೆ ಅಲ್ಲೇ ಕೇಳಿಸ್ಬೇಕು.” ಗೋಡೆಯಿಂದ ನನ್ನ ಕಡೆಗೆ ಹೊರಳಿದಳು. “ಆರೋಗ್ಯಮ್ಮನ ಮೊದಲ ಮಗು ನೆನಪಿದೆಯಾ ನಿನಗೆ?”

ಇತ್ತು. ಆರೋಗ್ಯಮ್ಮ ನಮ್ಮ ಪಕ್ಕದ ಮನೆಯವಳು. ಮೂವತ್ತೆರಡು ವರ್ಷದ ಹಿಂದೆ ಅವಳಿಗೆ ಹುಟ್ಟಿದ ಹೆಣ್ಣುಮಗು ಕಾಲು ಗಂಟೆ ಬದುಕಿತ್ತು. ಗುರು ಬರುವಷ್ಟು ಹೊತ್ತಿಲ್ಲದಿದ್ದರೆ ಸೂಲಗಿತ್ತಿಯೇ ಜ್ಞಾನಸ್ನಾನ ಕೊಡಬಹುದು, ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮ ಎಂಬ ಮೂರು ಹೆಸರು ಹೇಳಬಹುದು. ಅಷ್ಟು ಅಧಿಕಾರವನ್ನು ತಿರುಸಭೆ, ಅಂದರೆ ನಮ್ಮ ಧರ್ಮಸಭೆ, ಅವಳಿಗೆ ಕೊಟ್ಟಿದೆ. ಅಕ್ಕ ಕೊಟ್ಟಿದ್ದಳು. ಅದಕ್ಕೇ ಆ ಮಗು ಹೆಸರಿಟ್ಟುಕೊಂಡು ಪವಿತ್ರ ನೆಲದಲ್ಲಿ ಮಲಗಿತ್ತು.

“ಕೊಡ್ಲಿಲ್ಲ,” ಅಂದಳು ಅಕ್ಕ. “ತಾಯಿಗೆ ರಕ್ತ ನಿಲ್ತಿರಲಿಲ್ಲ. ಅವಳ ಕಡೆ ತಿರುಗಿದ್ದೆ. ನೀರು ತಗೊಂಡು ಈ ಕಡೆ ತಿರುಗೋ ಹೊತ್ತಿಗೆ ಮಗು ಹೋಗ್ಬಿಟ್ಟಿತ್ತು. ಹೋದ ಮೇಲೆ ಹೊಯ್ದ್ರೆ ಅದು ಬರೀ ನೀರು ಕಣೋ. ಆರೋಗ್ಯ ಕಣ್ಣು ಬಿಟ್ಟು ಕೇಳಿದ್ಲು, ಕೊಟ್ಯಾ ಅಂತ. ಕೊಟ್ಟೆ ಅಂದೆ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಕೊಟ್ಟೆ ಅಂದೆ. ಆಮೇಲೆ ಎಷ್ಟು ಸಲ ಪಾಪನಿವೇದನೆ ಮಾಡಿದೀನೋ, ಇದೊಂದನ್ನ ಹೇಳೋಕೆ ತುಟಿ ಏಳಲಿಲ್ಲ. ಆಗಿದ್ದ ದೊಡ್ಡ ಸ್ವಾಮಿಗಳು ತುಟಿ ಓದೋದ್ರಲ್ಲಿ ಗಟ್ಟಿಗರು, ಸೆರಗು ಅಡ್ಡ ಇದ್ರೂ ಓದಿಬಿಡೋರು. ಅವರ ಅಡಿಗೆಗೆ ಇದ್ದೋಳು ಆರೋಗ್ಯ.”

ನಾನು ಅವಳ ಕೈ ಹಿಡಿದುಕೊಂಡೆ. “ಅಕ್ಕ, ದೇವರು ದೊಡ್ಡವನು. ಅವನು ಯಾವತ್ತೋ ಕ್ಷಮಿಸಿರ್ತಾನೆ.”

“ಅದನ್ನ ನೀನು ಹೇಳ್ತಿದೀಯ,” ಅಂದಳು. “ಅವನು ಹೇಳ್ಲಿ.”

ಮಧ್ಯಾಹ್ನ ಅವಳೇ ಆರೋಗ್ಯಮ್ಮನನ್ನು ಕರೆಸಿದಳು. ನಾನು ಹೊರಗೆ ಹೋಗುವವನಿದ್ದೆ, “ಇರು” ಅಂದಳು. ಎಲ್ಲವನ್ನೂ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡದೆ. ಆರೋಗ್ಯಮ್ಮ ಮೊರದಲ್ಲಿ ಅವರೆಕಾಳು ತಂದಿದ್ದಳು, ಸುಲಿಯುತ್ತಲೇ ಕೇಳಿದಳು. ಎಲ್ಲ ಮುಗಿದ ಮೇಲೂ ನಾಲ್ಕೈದು ಕಾಯಿ ಸುಲಿದಳು.

“ನೀರು ಬೆಚ್ಚಗಿತ್ತಾ ಅಂತ ಕೇಳಿದ್ನಲ್ಲ ಚೌರಕ್ಕ ಅವತ್ತು,” ಅಂದಳು. “ಬೆಚ್ಚಗಿತ್ತು ಅಂದ್ಯಲ್ಲ.”

“ಅಂದೆ.”

“ಅದನ್ನ ಇಟ್ಕೊಂಡೇ ನಾನು ಇಷ್ಟು ವರ್ಷ ಬದುಕಿದ್ದು.” ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವಳ ಮುಖದಲ್ಲಿ ಏನೋ ಬಂದು ಹೋಯಿತು, ನಾನು ಹೊಡೆದೇಬಿಡುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಅಕ್ಕನ ಪಾದದ ಮೇಲೆ ಕೈಯಿಟ್ಟಳು. “ಹೋಗ್ಲಿ ಬಿಡು. ನನ್ನ ಜೀವ ಉಳಿಸೋಕೆ ತಿರುಗಿದ್ದೆ ನೀನು. ನಾನು ಕ್ಷಮಿಸಿದೀನಿ.”

“ನಿನ್ನ ಪಾಲಿಂದು ನೀನು ಬಿಟ್ಟೆ ತಾಯಿ. ಮಗುವಿನ ಪಾಲಿಂದು? ಮಾಡದೇ ಇರೋದಕ್ಕೆ ದೇವರ ಹೆಸರು ಹಾಕ್ದೆನಲ್ಲ, ಆ ಹೆಸರಿನ ಪಾಲಿಂದು? ಅದನ್ನ ಬಿಡೋ ಅಧಿಕಾರ ನಿನಗೂ ಇಲ್ಲ, ನನಗೂ ಇಲ್ಲ.”

ಆರೋಗ್ಯಮ್ಮ ನನ್ನ ಕಡೆ ನೋಡಿದಳು. ಚರ್ಚಿನ ವಿಷಯ ಅವಳಿಗೆ ಗೊತ್ತಿತ್ತು. ನಾನು ತಲೆ ತಗ್ಗಿಸಿದೆ.

ಅಲ್ಲಿಂದ ನೇರ ಫಾದರ್ ಸಂದ್ಯಾಗಪ್ಪನವರ ಹತ್ತಿರ ಹೋದೆ. ಅಕ್ಕನ ಗುಟ್ಟು ಬಿಟ್ಟುಕೊಡದೆ, ಅವಳ ಆಸೆಯನ್ನಷ್ಟೇ ಹೇಳಿದೆ. ಆಮೇಲೆ ಇದನ್ನೂ ಹೇಳಿದೆ: “ಸ್ವಾಮಿ, ಅವಳಿಗೆ ಕಣ್ಣು ಕಾಣೋದಿಲ್ಲ, ನಿಮ್ಮ ತುಟಿ ಓದೋಕೆ ಆಗೋದಿಲ್ಲ. ಕಿವಿ ಮಾತ್ರ ಚುರುಕಾಗಿದೆ. ನಾನು ಕಟಕಟೆಯ ಈಚೆ, ಅವಳ ಬೆನ್ನ ಹಿಂದೆ ನಿಲ್ತೀನಿ. ನೀವು ಕೈ ಎತ್ತಿದಾಗ ಆ ಮಾತು ನಾನು ಹೇಳ್ತೀನಿ. ನಿಮ್ಮ ದನೀಲಿ.”

“ಮಾಡಿ ತೋರಿಸಿ,” ಅಂದರು.

ಮಾಡಿ ತೋರಿಸಿದೆ. ಐದು ತಿಂಗಳ ಹಿಂದೆ ಕಟಕಟೆಯೊಳಗೆ ಕೇಳುತ್ತಿದ್ದ ಅವರ ದನಿ, ಕೊನೆಯಲ್ಲಿ ಸ್ವಲ್ಪ ಮೂಗಿಗೆ ಏರುವುದು, ‘ಕ್ಷ’ವನ್ನು ಒತ್ತಿ ಹೇಳುವುದು, ಎಲ್ಲವೂ. ಅವರ ಕಣ್ಣಲ್ಲಿ ನೀರು ಬಂತು. “ಹೀಗಿತ್ತಾ ನನ್ನ ದನಿ?” ಅಂದರು. ಆಮೇಲೆ, “ಬೇಡ ಉಪದೇಶಿಗಳೇ. ಅದು ಮೋಸ.”

“ಬಿಷಪ್ಪರ ಕಾಗದದಲ್ಲಿ ಏನಿದೆ ಸ್ವಾಮಿ? ಕೇಳಿಸದಿದ್ರೂ ಸಿಂಧು ಅಂತ ತಾನೇ? ನೀವು ಒಳಗೆ ನಿಜವಾಗಿ ಹೇಳಿ. ಆಗೋದು ನಿಮ್ಮ ಮಾತಿನಿಂದಲೇ ಆಗ್ಲಿ. ನಾನು ಬರೀ ಸದ್ದು ಕೊಡ್ತೀನಿ. ಅವಳು ನಾಲ್ಕು ದಿನದವಳು ಸ್ವಾಮಿ.”

ಅವರು ಕಿಟಕಿಗೆ ಹೋಗಿ ನಿಂತರು. ಹೊರಗೆ ಗೂಡಿನ ಹೊಗೆ ಎದ್ದು ಇಡೀ ಬೀದಿ ಬೆಳ್ಳಗಾಗಿತ್ತು. “ಸಿಂಧು ಅಂತ ನಾನೂ ನಂಬಿದೀನಿ,” ಅಂದರು ಬೆನ್ನು ತಿರುಗಿಸದೆ. “ನಂಬಿಕೊಂಡೇ ದಿನಾ ಒಳಗೆ ಹೋಗ್ತೀನಿ. ನಾಳೆ ಹತ್ತು ಗಂಟೆಗೆ ಕರ್ಕೊಂಡು ಬನ್ನಿ.”

ಮರುದಿನ ನಾಲ್ಕು ಜನ ಅಕ್ಕನ ಕುರ್ಚಿ ಹೊತ್ತರು. ಪಾಸ್ಕಲಪ್ಪನೂ ಒಬ್ಬ, ಅವತ್ತು ಕುಡಿದಿರಲಿಲ್ಲ. “ಮೆತ್ತಗೆ ಕಣ್ರೋ, ನಾನು ನಿಮ್ಮನ್ನ ಇಷ್ಟು ಒರಟಾಗಿ ಎಳೀಲಿಲ್ಲ,” ಅಂತ ಅಕ್ಕ ದಾರಿಯುದ್ದಕ್ಕೂ ಗದರುತ್ತ ಬಂದಳು. ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಯಾರೂ ಏನೂ ಹೇಳಲಿಲ್ಲ, ನನ್ನ ಮಾತು ಉಳಿಸಿದರು. ಆರೋಗ್ಯಮ್ಮ ಹಿಂದೆ ಹಿಂದೆ ಬಂದು ಮೊದಲ ಸಾಲಿನಲ್ಲಿ ಕೂತಳು.

ಕುರ್ಚಿಯನ್ನು ಕಟಕಟೆಯೊಳಗೆ, ಬಲಿಪೀಠಕ್ಕೆ ಮುಖ ಮಾಡಿ ಇಟ್ಟರು. ಕಟಕಟೆ ದಾಟಿದ ಕೂಡಲೇ ಅಕ್ಕನ ಗದರಿಕೆ ಅರ್ಧಕ್ಕೇ ನಿಂತಿತು. ಅವಳ ಹೆಗಲು ಇಳಿಯಿತು, ತವರು ಮನೆ ತಲುಪಿದವಳ ಹಾಗೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಫಾದರ್ ಅವಳ ಎದುರಿಗೆ ಬಗ್ಗಿ ಕೂತರು. ಸೆರಗು ಅಲುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅಲುಗುತ್ತಿತ್ತು. ಮೂವತ್ತೆರಡು ವರ್ಷದ್ದು, ಒಂದು ಶಬ್ದವೂ ಇಲ್ಲದೆ ಇಳಿಯಿತು.

ನಾನು ಕಟಕಟೆಯ ಈಚೆ, ಅವಳಿಂದ ಎರಡು ಮೊಳ ಹಿಂದೆ ಬರಿಗಾಲಲ್ಲಿ ನಿಂತಿದ್ದೆ. ಫಾದರ್ ಎದ್ದರು. ಒಂದು ಗಳಿಗೆ ತಡೆದರು. ಇವತ್ತೊಂದು ದಿನ ಕೇಳಿಸಲಿ ಎಂದು ಅವರು ಬೇಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು, ನಾನೂ ಅದನ್ನೇ ಬೇಡುತ್ತಿದ್ದೆ. ಕೈ ಎತ್ತಿದರು. ತುಟಿ ತೆರೆಯಿತು. ಏನೂ ಕೇಳಿಸಲಿಲ್ಲ. ಅಕ್ಕ ಕತ್ತು ಮುಂದೆ ಚಾಚಿದಳು.

ಆಗ ನಾನು ಹೇಳಿದೆ. “ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ. ಪಿತನ, ಸುತನ,” ಎಂದೆ, ಅಲ್ಲಿ ನನ್ನ ಎದೆ ಎಳೆಯಿತು, ಒಂದು ಉಸಿರು ತೆಗೆದುಕೊಂಡೆ, “ಪವಿತ್ರಾತ್ಮರ ನಾಮದಲ್ಲಿ.”

ಚರ್ಚು ತುಂಬ ಸಂದ್ಯಾಗಪ್ಪನವರ ದನಿ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ಮಾಡಿರಲಿಲ್ಲ. ಆರೋಗ್ಯಮ್ಮ ಕೂತಲ್ಲೇ ಬೆಚ್ಚಿದಳು. ಫಾದರ್ ಕಣ್ಣು ಮುಚ್ಚಿಕೊಂಡರು.

ಅಕ್ಕ ಸೆರಗು ಕೆಳಗೆ ಬಿಟ್ಟಳು. ನಿಧಾನವಾಗಿ, ಕುರ್ಚಿಯ ತೋಳು ಹಿಡಿದು, ಹಿಂದಕ್ಕೆ ನನ್ನ ಕಡೆಗೆ ತಿರುಗಿದಳು. ಪೊರೆ ಬಂದ ಆ ಕಣ್ಣುಗಳು ನಾನು ನಿಂತ ಜಾಗಕ್ಕೇ ಬಂದು ನಿಂತವು. ಒಳಗಿದ್ದಳಲ್ಲ, ದನಿ ಬರುವ ಹಾಗಿರಲಿಲ್ಲ. ತುಟಿ ಆಡಿತು. ನಾನು ಓದಿದೆ. ‘ಇನ್ನಾಸ.’

ಕಟಕಟೆ ಹಿಡಿದುಕೊಂಡೆ. ಹೊರಗೆ ತೆಗೆದುಕೊಂಡು ಹೋಗು ಎಂದು ಅವಳು ಕೈ ಮಾಡಿದಳು. ಕುರ್ಚಿಯನ್ನು ಈಚೆಗೆ ತಂದರು. ಅವಳು ಬೈಯಲಿ ಎಂದು ಕಾದೆ.

“ಹತ್ತಿರ ಬಾ,” ಅಂದಳು. ಮಂಡಿಯೂರಿದೆ. ನನ್ನ ತಲೆ ಮೇಲೆ ಕೈಯಿಟ್ಟಳು. “ಗೂಡಿನ ಉಸಿರು ಕಣೋ. ನೀನು ಸಣ್ಣೋನಾಗಿದ್ದಾಗಿಂದ ಅದನ್ನ ಎಣಿಸಿಕೊಂಡೇ ನಾನು ನಿದ್ದೆ ಮಾಡಿದ್ದು. ಎಷ್ಟು ದಿನದಿಂದ ಒಳಗೆ ಮಾತು ಬರ್ತಿಲ್ಲ?”

“ಐದು ತಿಂಗಳು ಮೇಲಾಯ್ತು ಅಕ್ಕ.”

“ಊರಿಗೆಲ್ಲ ಗೊತ್ತಾ?”

“ಗೊತ್ತು.”

“ಪ್ರೀತಿಯಿಂದಲೇ ಮಾಡಿದೆ ನೀನು.”

“ಪ್ರೀತಿಯಿಂದಲೇ ಅಕ್ಕ. ತಪ್ಪಾಯ್ತು.”

“ನಾನೂ ಪ್ರೀತಿಯಿಂದಲೇ ಹೇಳಿದ್ದು ಆರೋಗ್ಯಂಗೆ. ಇದೇ ಥರ. ಇಷ್ಟೇ ಚೆನ್ನಾಗಿ.” ಅವಳ ಕೈ ನನ್ನ ಹಣೆಗೆ ಇಳಿಯಿತು. “ಅವಳ ಜಾಗದಲ್ಲಿ ಕೂತ್ರೆ ಹೆಂಗಿರುತ್ತೆ ಅಂತ ಇವತ್ತು ಗೊತ್ತಾಯ್ತು ನೋಡು. ಒಂದು ಗಳಿಗೆ ಬೆಚ್ಚಗಿತ್ತು ಕಣೋ ಇನ್ನಾಸ. ಒಂದೇ ಒಂದು ಗಳಿಗೆ.”

ಫಾದರ್ ಸಂದ್ಯಾಗಪ್ಪ ಕಟಕಟೆ ದಾಟಿ ಬಂದಿದ್ದರು. “ಅಮ್ಮ, ನಾನು ಒಳಗೆ ನಿಜವಾಗಿ ಹೇಳಿದೀನಿ. ಪೂರ್ತಿ ಹೇಳಿದೀನಿ. ಕೇಳಿಸದಿದ್ರೂ ಅದು ಆಗಿದೆ. ತಿರುಸಭೆಯ ಬೋಧನೆ ಅದು, ನನ್ನ ಮಾತಲ್ಲ.”

“ಇರಬಹುದು ಸ್ವಾಮಿ. ನೀವು ಓದಿದೋರು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಆದ್ರೆ ನಾನು ಎಷ್ಟೋ ತಾಯಂದಿರಿಗೆ ಹೇಳಿದೀನಿ, ಮಗು ಚೆನ್ನಾಗಿದೆ ತಾಯಿ, ಚೆನ್ನಾಗಿದೆ ಅಂತ. ನನ್ನ ಮಾತಿಗೆ ಯಾರೂ ದಿಂಬಿಗೆ ತಲೆ ಕೊಟ್ಟೋರಲ್ಲ. ಮಗು ಒಂದು ಸಲ ಅತ್ತ ಮೇಲೇ.”

ಆ ಮಾತಿಗೆ ಉತ್ತರ ಬೇಕೆಂದು ಕಾಗದ ಬರೆದು ಕೇಳುವಂಥ ಜಾಗ ಇನ್ನು ಯಾವುದೂ ಉಳಿದಿರಲಿಲ್ಲ.

“ಮನೆಗೆ ಹೋಗೋಣ ಅಕ್ಕ,” ಅಂದೆ.

“ಮನೆಗೆ ಬೇಡ. ನನ್ನನ್ನ ಮತ್ತೆ ಒಳಗೆ ಇಡಿ.”

“ಏನಕ್ಕೆ? ಅಲ್ಲಿ ಏನೂ ಬರೋದಿಲ್ಲ ಅಂತ ಗೊತ್ತಾಯ್ತಲ್ಲ.”

“ಬಂದ್ರೆ ಅಲ್ಲಿಗೇ ತಾನೇ ಬರ್ಬೇಕು?”

“ಎಷ್ಟು ಹೊತ್ತು ಅಂತ ಕಾಯ್ತೀಯ?”

“ಸೂಲಗಿತ್ತಿಗೆ ಕಾಯೋದು ಹೇಳಿಕೊಡ್ತಾನೆ ಇವನು,” ಅಂದಳು ಪಾಸ್ಕಲಪ್ಪನ ಕಡೆ ತಿರುಗಿ. “ಎತ್ತೋ ಕುರ್ಚಿ.”

ಕುರ್ಚಿಯನ್ನು ಒಳಗಿಟ್ಟು ಹೊತ್ತವರು ಹೋದರು. ಫಾದರ್ ಬಲಿಪೀಠದ ಮೆಟ್ಟಿಲ ಮೇಲೆ, ಅವಳಿಗೆ ಸ್ವಲ್ಪ ದೂರದಲ್ಲಿ ಕೂತರು. ಆರೋಗ್ಯಮ್ಮ ಕೂತಲ್ಲಿಂದ ಏಳಲಿಲ್ಲ. ನಾನು ಕಟಕಟೆಗೆ ಒರಗಿಕೊಂಡೆ. ಹನ್ನೆರಡರ ಗಂಟೆ ಹೊಡೆಯಬೇಕಾದ್ದು ನನ್ನ ಕೆಲಸ, ಮರೆತುಬಿಟ್ಟೆ. ಊರಿನವರು ಯಾರೂ ಬಂದು ಕೇಳಲಿಲ್ಲ. ಬಿಸಿಲು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಸರಿಯಿತು. ನಾನು ಕಿವಿ ಕೊಟ್ಟು ಕೇಳುತ್ತಲೇ ಇದ್ದೆ. ಏನೂ ಬರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಲೂರ್ದಮ್ಮನ ಸೊಸೆ ಕಿರುಚುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ದಿನಾ ಬರುವವಳು, ಇವತ್ತು ಇಲ್ಲಿ ಏನು ನಡೆದಿದೆ ಎಂದು ತಿಳಿಯದವಳು. ಕಟಕಟೆ ದಾಟಿದ ಕೂಡಲೇ ಕೂಸಿನ ಕಿರುಚು ಕತ್ತರಿಸಿದ ಹಾಗೆ ನಿಂತಿತು. ಅಕ್ಕನಿಗೆ ಕಾಣಲಿಲ್ಲ, ಹೇಗೆ ತಿಳಿಯಿತೋ, ಹಾಲಿನ ವಾಸನೆಗಿರಬೇಕು, ಈ ಕಡೆಗೆ ಹೊರಳಿದಳು, ಎರಡೂ ಕೈ ಮುಂದಕ್ಕೆ ಬಂದವು. ಹುಡುಗಿ ಕೂಸನ್ನು ಆ ಕೈಗಳಲ್ಲಿ ಮಲಗಿಸಿದಳು. ಕೂಸು ಇನ್ನೂ ಬಾಯಿ ತೆರೆದು ಅಳುತ್ತಿತ್ತು, ಅಕ್ಕನ ತುಟಿ ಏನೋ ಹೇಳುತ್ತಿತ್ತು, ಆಚೆ ಮೆಟ್ಟಿಲ ಮೇಲೆ ಫಾದರ್ ಸಂದ್ಯಾಗಪ್ಪನವರ ತುಟಿಯೂ ಆಡುತ್ತಿತ್ತು. ಅಕ್ಕನ ತುಟಿ ನನಗೆ ಓದಲು ಬರುತ್ತಿತ್ತು. ಅದು ನನಗೆ ಹೇಳಿದ್ದಲ್ಲ ಎಂದು ಮುಖ ತಿರುಗಿಸಿಕೊಂಡೆ.

ಕೂಸಿಗೆ ನಿದ್ದೆ ಹತ್ತಿದ ಮೇಲೆ ಹುಡುಗಿ ಬಗ್ಗಿ ಅದನ್ನು ಎತ್ತಿಕೊಂಡಳು. ಅಕ್ಕನ ತೋಳು ಕೆಳಗಿಳಿಯಲಿಲ್ಲ. ಕೂಸಿನ ಅಳತೆಗೇ ಬಾಗಿಕೊಂಡು, ಬರಬೇಕಾದ್ದಕ್ಕೆ ಕಾಯುತ್ತ ಹಾಗೇ ಉಳಿಯಿತು.